ಭಯವನ್ನು ಎದುರಿಸುವ ವಿದ್ಯೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನೆನಪಿನ ಜೊತೆಗೆ, ಎಪ್ಪತ್ತು ದಾಟಿದ ಮೇಲೆ ಕಲಿತ ಒಂದು ಪಾಠವನ್ನೂ ಇಲ್ಲಿ ಒಪ್ಪಿಸುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ನನಗೆ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆ ಫಲಿಸಿತು. ಆದರೆ ಆಗಾಗ ತಪಾಸಣೆಗೆ ಹೋಗಬೇಕಾಗಿತ್ತು. ಗುಹೆಯಂತಹ ಆ ಸ್ಕ್ಯಾನ್ ಯಂತ್ರವನ್ನು ನೆನೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ನೆಪ ಹೇಳಿ ಎರಡು ಸಲ ತಪ್ಪಿಸಿಕೊಂಡೆ. ಆ ದಿನ ಹಾಯೆನಿಸಿತು. ಮರುವಾರ ಭಯ ಇಮ್ಮಡಿಯಾಯಿತು.

ಕೊನೆಗೆ ಕೊಯಮತ್ತೂರಿನ ಮನೋವೈದ್ಯರೊಬ್ಬರನ್ನು ಕಂಡೆ. ಅವರು ಹೇಳಿದ್ದು ನನಗೆ ತೀರ ಹೊಸದಾಗಿರಲಿಲ್ಲ. ವೇದಿಕೆಯೆಂದರೆ ಅಳುತ್ತಿದ್ದ ಮಕ್ಕಳನ್ನು ನಾವು ಮೊದಲು ಗೆಳೆಯನೊಬ್ಬನ ಮುಂದೆ, ಆಮೇಲೆ ತರಗತಿಯಲ್ಲಿ, ಕಡೆಗೆ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಓದಿಸುತ್ತಿದ್ದೆವಲ್ಲವೆ? ಈ ಕ್ರಮಕ್ಕೆ ವೈದ್ಯರು ‘ಎಕ್ಸ್‌ಪೋಷರ್’ ಚಿಕಿತ್ಸೆ ಎನ್ನುತ್ತಾರೆ. ಅಮೆರಿಕದ ಮೇರಿ ಕವರ್ ಜೋನ್ಸ್ ಅವರು, ಮೊಲಕ್ಕೆ ಹೆದರುತ್ತಿದ್ದ ಬಾಲಕನೊಬ್ಬನು ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ ಬಗೆಯನ್ನು 1924ರಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪ್ ಅವರು ಇಂತಹ ಕ್ರಮವನ್ನು ಬೆಳೆಸಿ 1958ರಲ್ಲಿ ಗ್ರಂಥರೂಪಕ್ಕೆ ತಂದರು.

ಇದರ ಮರ್ಮ ಸರಳವಾದುದು. ಓಡಿಹೋದರೆ ‘ಓಡಿದ್ದರಿಂದಲೇ ಉಳಿದೆ’ ಎಂದು ಮನಸ್ಸು ನಂಬುತ್ತದೆ. ನಿಂತರೆ, ಅಂಜಿದ ಅನಾಹುತ ನಡೆಯಲಿಲ್ಲವೆಂದೂ ಭಯವನ್ನು ತಾಳಿಕೊಳ್ಳಬಹುದೆಂದೂ ಕಲಿಯುತ್ತದೆ. ನಾನು ಮೊದಲು ಯಂತ್ರದ ಚಿತ್ರ ನೋಡಿದೆ. ಬಳಿಕ ಅದರ ಸದ್ದು ಕೇಳಿದೆ. ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಬಂದೆ. ಮನೆಯಲ್ಲಿ ಮಂಚದ ಕೆಳಗೆ ಅಲುಗದೆ ಮಲಗಿದೆ. ಮೊಮ್ಮಕ್ಕಳು ನಕ್ಕರು, ನಾನೂ ನಕ್ಕೆ.

ಆದರೆ ರೋಗ ಮರಳೀತೆಂಬ ಭಯವೇ ಬೇರೆ. ಅದನ್ನು ಸುಳ್ಳೆನ್ನುವಂತಿಲ್ಲ. ಇಲ್ಲಿ ನೆರವಾಗುವುದು ‘ಸ್ವೀಕಾರ ಮತ್ತು ಬದ್ಧತೆ’ಯ ಚಿಕಿತ್ಸೆ. ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಇದನ್ನು ಕುರಿತ ಗ್ರಂಥವನ್ನು 1999ರಲ್ಲಿ ಹೊರತಂದರು. ಭಯವನ್ನು ಹೊರದಬ್ಬಲು ಹೆಣಗದೆ, ಅದಕ್ಕೂ ಮನಸ್ಸಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟು, ನಮಗೆ ಬೆಲೆಯುಳ್ಳ ಕೆಲಸದಲ್ಲಿ ತೊಡಗಬೇಕೆಂಬುದು ಇದರ ಸಾರ. ಇದು ಹಣೆಬರಹವೆಂದು ಕೈಕಟ್ಟಿ ಕೂರುವುದಲ್ಲ. ಔಷಧವನ್ನು ಬಿಡುವುದಂತೂ ಅಲ್ಲ. ನಮ್ಮ ದೇವಾಂಗ ನೇಕಾರರು ಎಳೆ ಹರಿದರೆ ಗಂಟು ಹಾಕಿ ನೇಯ್ಗೆ ಮುಂದುವರಿಸುತ್ತಾರೆಯೇ ಹೊರತು, ಗಂಟಾಯಿತೆಂದು ಮಗ್ಗ ಬಿಟ್ಟೇಳುವುದಿಲ್ಲ.

ಇವನ್ನು ತಜ್ಞರ ಮಾರ್ಗದರ್ಶನದಲ್ಲಿಯೇ ಕೈಗೊಳ್ಳುವುದು ಕ್ಷೇಮ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು.

ಕಳೆದ ತಿಂಗಳು ತಪಾಸಣೆಗೆ ಹೋಗಿದ್ದೆ. ಯಂತ್ರದೊಳಗೆ ಭಯವಾಯಿತು, ಆದರೂ ಕಡೆಯತನಕ ಮಲಗಿದ್ದೆ. ಮರುದಿನ ಶಾಲೆಯ ಉತ್ಸವ ಸಮಿತಿಯ ಸಭೆಗೂ ಬಂದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇಂತಹ ಭಯದಿಂದ ತಪಾಸಣೆಯನ್ನು ಮುಂದೂಡುತ್ತಿದ್ದರೆ, ಇದನ್ನು ನಿಮ್ಮ ಮೇಷ್ಟರು ಕೊಟ್ಟ ಮನೆಪಾಠವೆಂದು ತಿಳಿದು ಮೊದಲ ಮೆಟ್ಟಿಲು ಹತ್ತಿರಿ.