ಗೇಣುದ್ದದ ಇಲಿಷ್

ವನ್ಯಮೃಗವೆಂದೊಡನೆ ಬಂಗಾಳದಲ್ಲಿ ನೆಲೆಸಿರುವ ನಮಗೆ ಸುಂದರಬನದ ಹುಲಿಯ ನೆನಪಾಗುತ್ತದೆ. ಅದನ್ನು ಎಣಿಸಲು ಅಧಿಕಾರಿಗಳಿದ್ದಾರೆ, ಕಾಯಲು ಕಾವಲುಗಾರರಿದ್ದಾರೆ, ಅದು ಹಳ್ಳಿಯೊಳಕ್ಕೆ ಕಾಲಿರಿಸಿದರೆ ಮರುದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆದರೆ ಮಳೆ ಹಿಡಿದ ಮೇಲೆ ಗಡಿಯಾಹಾಟ್, ಮಾಣಿಕ್‌ತಲಾ, ಲೇಕ್ ಮಾರ್ಕೆಟ್ಟುಗಳಲ್ಲಿ ಮಂಜುಗಡ್ಡೆಯ ಮೇಲೆ ಬೆಳ್ಳಿಯಂತೆ ಹೊಳೆಯುತ್ತ ಮಲಗಿರುವ ಇಲಿಷ್ ಮೀನೂ ಒಂದು ವನ್ಯಜೀವಿಯೇ ಎಂಬುದು ನಮ್ಮ ಮನಸ್ಸಿಗೆ ಬರುವುದಿಲ್ಲ. ರುಯಿ, ಕಾತ್ಲಾಗಳನ್ನು ಕೆರೆಗಳಲ್ಲಿ ಸಾಕುತ್ತಾರೆ. ಇಲಿಷನ್ನು ವ್ಯಾಪಾರಕ್ಕೆ ಸಾಲುವಷ್ಟು ಸಾಕಿ ಬೆಳೆಸುವ ವಿದ್ಯೆ ಇಂದಿಗೂ ಕೈವಶವಾಗಿಲ್ಲ. ಬುಟ್ಟಿಯಲ್ಲಿರುವ ಒಂದೊಂದು ಇಲಿಷೂ ಕಡಲಿನಲ್ಲಿ ಸ್ವತಂತ್ರವಾಗಿ ಬೆಳೆದು, ಬಲೆಗೆ ಸಿಕ್ಕಿ ಬಂದದ್ದು.

ಮೀನು ಮುಟ್ಟದ ವಾಚಕರು ಕ್ಷಮಿಸಬೇಕು. ಹಗಲೆಲ್ಲ ದೋಸೆ ಹುಯ್ದು ರಾತ್ರಿ ಕೋಣೆಗೆ ಮರಳಿದ ಮೇಲೆ ಮೀನುಸಾರು ಬೇಯಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಲ್ಲ. ಅವರನ್ನು ಉದ್ದೇಶಿಸಿ ನಾವು ಇದನ್ನು ಬರೆಯುತ್ತಿದ್ದೇವೆ.

ಇಲಿಷಿನ ಜೀವನ ವಿಚಿತ್ರವಾದುದು. ಅದು ಬಾಳುವುದು ಬಂಗಾಳ ಕೊಲ್ಲಿಯ ಉಪ್ಪುನೀರಿನಲ್ಲಿ. ಮೊಟ್ಟೆಯಿಡುವುದು ನದಿಯ ಸಿಹಿನೀರಿನಲ್ಲಿ. ಮುಂಗಾರಿನಲ್ಲಿ ನದಿ ತುಂಬಿ ಕೆಂಪುನೀರು ಕಡಲಿಗೆ ನುಗ್ಗಿದಾಗ, ಆ ಪ್ರವಾಹದ ಕರೆಯನ್ನು ಕೇಳಿದಂತೆ ಮೀನುಗಳು ಹಿಂಡುಹಿಂಡಾಗಿ ಹೂಗ್ಲಿಯ ಮುಖವನ್ನು ಪ್ರವೇಶಿಸಿ ಎದುರು ಈಜುತ್ತವೆ. ದೂರದ ಪಯಣಕ್ಕೆಂದು ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬೇ ಅದರ ರುಚಿಯ ಗುಟ್ಟು. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡುತ್ತದೆ. ಮರಿಗಳು ಕೆಲವು ತಿಂಗಳು ನದಿಯಲ್ಲಿಯೇ ಬೆಳೆದು, ಬೆರಳುಗಳಷ್ಟು ಉದ್ದವಾದ ಮೇಲೆ ಕಡಲಿಗೆ ಇಳಿಯುತ್ತವೆ. ಹಿಂದೆ ಈ ಮೀನು ಗಂಗೆಯಲ್ಲಿ ಅಲಹಾಬಾದಿನವರೆಗೂ, ಅದರಾಚೆ ಯಮುನೆಯಲ್ಲಿ ಆಗ್ರಾದವರೆಗೂ ಹೋಗುತ್ತಿದ್ದಿತು. 1975ರಲ್ಲಿ ಫರಕ್ಕಾ ಅಣೆಕಟ್ಟು ಕೆಲಸ ಆರಂಭಿಸಿದ ಮೇಲೆ ಆ ದಾರಿ ಮುಚ್ಚಿಹೋಯಿತು. ಅಣೆಕಟ್ಟನ್ನು ಕಟ್ಟಿದ್ದು ಈ ನಗರದ ಬಂದರಿನಲ್ಲಿ ಹೂಳು ತುಂಬದಂತೆ ನೀರು ಹರಿಸುವುದಕ್ಕೆಂದು. ಕಲ್ಕತ್ತೆಯ ಹಡಗಿಗೆ ದಾರಿ ಮಾಡಲು ಹೋಗಿ ಕಲ್ಕತ್ತೆಯ ಮೀನಿಗೆ ದಾರಿ ತಪ್ಪಿತು. ಬಾರಕ್‌ಪುರದಲ್ಲಿರುವ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈಚಿನ ವರ್ಷಗಳಲ್ಲಿ ಸಾವಿರಾರು ಇಲಿಷ್‌ಗಳನ್ನು ಹಿಡಿದು ಫರಕ್ಕಾದ ಮೇಲ್ಭಾಗದ ನೀರಿಗೆ ಬಿಟ್ಟಿದ್ದಾರೆ. ಮೀನಿಗೂ ಹಾದಿ ದೊರೆಯುವಂತೆ ಹೊಸ ಲಾಕ್ ಗೇಟನ್ನು ಬಳಸುವ ಯೋಜನೆಯನ್ನು ಸರ್ಕಾರವು 2019ರಲ್ಲಿ ಪ್ರಕಟಿಸಿದೆ.

ಅಣೆಕಟ್ಟು ಕಣ್ಣಿಗೆ ಕಾಣುವ ಅಡ್ಡಿ. ಕಾಣದ ಅಡ್ಡಿಯೊಂದು ಕಡಲಿನಲ್ಲಿಯೇ ಹುಟ್ಟಿಕೊಂಡಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಮನುಷ್ಯನು ವಾಯುಮಂಡಲಕ್ಕೆ ಸೇರಿಸಿದ ಹೆಚ್ಚಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲ್ಪಟ್ಟು ಸಮುದ್ರವೇ ನುಂಗಿಕೊಂಡಿದೆ. ಹಿಂದೂ ಮಹಾಸಾಗರದ ಮೇಲ್ಪದರವು 1950ರಿಂದ 2020ರವರೆಗೆ ಸುಮಾರು 1.2 ಡಿಗ್ರಿ ಸೆಲ್ಷಿಯಸ್‌ನಷ್ಟು ಬಿಸಿಯಾಗಿದೆಯೆಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿರುವರು. ಒಂದು ಡಿಗ್ರಿ ಎಂದರೆ ಅಡುಗೆಮನೆಯಲ್ಲಿ ನಮ್ಮ ಕೈಗೆ ತಿಳಿಯುವುದೂ ಇಲ್ಲ. ಆದರೆ ಸಮುದ್ರದ ಅಡುಗೆ ಬೇರೆ. ಅಲ್ಲಿ ಮೀನಿನ ಆಹಾರಕ್ಕೆ ಬೇಕಾದ ಸತ್ತ್ವವೆಲ್ಲ ಗಂಜಿಯ ಅಗುಳಿನಂತೆ ತಳದಲ್ಲಿ ಕುಳಿತಿರುತ್ತದೆ. ಗಾಳಿಯೇ ಸೌಟು, ಅದು ಕದಡಿದಾಗ ತಳದ ತಣ್ಣೀರು ಮೇಲೆದ್ದು, ಬಿಸಿಲು ತಾಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಚಿಗುರುತ್ತವೆ. ಅದನ್ನು ತಿಂದು ಸಣ್ಣ ಮೀನು, ಸಣ್ಣ ಮೀನನ್ನು ತಿಂದು ದೊಡ್ಡ ಮೀನು. ಮೇಲಿನ ನೀರು ಬಿಸಿಯಾದಷ್ಟೂ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಪ್ರತ್ಯೇಕವಾಗಿ ನಿಲ್ಲುತ್ತದೆ. ತಳದ ಅಗುಳು ಮೇಲೇಳುವುದಿಲ್ಲ.

ಇದರ ಫಲವನ್ನು ನೋಡಲು ನಮ್ಮ ಊರಿನ ಕರಾವಳಿಗೇ ಹೋಗಬೇಕು. ಮಂಗಳೂರಿನವರು ಬೂತಾಯಿ ಎಂದೂ, ಕುಂದಾಪುರದವರು ಬೈಗೆ ಎಂದೂ, ಕಾರವಾರದವರು ತಾರ್ಲೆ ಎಂದೂ ಕರೆಯುವ ಮೀನನ್ನು ಉಂಡು ಬೆಳೆಯದ ಬಡವರು ಆ ಸೀಮೆಯಲ್ಲಿ ವಿರಳ. ರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ದಡಕ್ಕೆಳೆಯುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆ ಸೇರಿತು. 2012ರಲ್ಲಿ ದೇಶದಲ್ಲಿ ಹಿಡಿದ ಬೂತಾಯಿ 7 ಲಕ್ಷ ಟನ್ನಿಗೂ ಮೇಲೆ. ಅನಂತರ ಅದು ಕುಸಿಯಿತು. ನೆರೆಯ ಕೇರಳದ ಅಂಕಿಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ: 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಕೇವಲ 3,297 ಟನ್! ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದಕ್ಕೆ 2015ರ ಎಲ್ ನಿನೊ ಎಂಬ ಸಮುದ್ರದ ಬಿಸಿಯೇರಿಕೆಯನ್ನು ಮುಖ್ಯ ಕಾರಣವೆಂದು ತೋರಿಸಿದರು. ಅದರ ಜೊತೆಗೆ, ಇನ್ನೂ ಮೊಟ್ಟೆಗೆ ಬಾರದ ಮರಿಮೀನನ್ನು ರಾಶಿರಾಶಿಯಾಗಿ ಹಿಡಿದು ಮೀನುಹಿಟ್ಟಿನ ಕಾರ್ಖಾನೆಗಳಿಗೆ ಸಾಗಿಸುವುದೂ ನಡೆದಿದ್ದಿತು. ಬಿಸಿಯನ್ನು ತಡೆದುಕೊಂಡು ಉಳಿದ ಮೀನೂ ಬಲೆಗೆ ಬಿದ್ದರೆ ಸಂತತಿಯೆಲ್ಲಿ? ಆದರೂ ಬೂತಾಯಿ ಮರಳಿತು. 2024ರಲ್ಲಿ ಕೇರಳವೊಂದರಲ್ಲಿಯೇ ಒಂದೂವರೆ ಲಕ್ಷ ಟನ್ನಿನ ಸಮೀಪ ಹಿಡಿದರೆಂದು ಅದೇ ಸಂಸ್ಥೆಯ ಲೆಕ್ಕ. ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಮೀನಿಗೆ ಈ ಶಕ್ತಿಯುಂಟು. ತಾಯಿಮೀನು ಅಷ್ಟಿಷ್ಟು ಉಳಿದಿದ್ದರೆ ಮಾತ್ರ.

ಬಂಗಾಳದ ಕಡೆ ಸಂಕಟಕ್ಕೆ ಇನ್ನೊಂದು ಮುಖವಿದೆ. 2009ರ ಐಲಾ, 2020ರ ಆಂಫಾನ್, 2021ರ ಯಾಸ್ ಚಂಡಮಾರುತಗಳು ಸುಂದರಬನದ ಒಡ್ಡುಗಳನ್ನು ಒಡೆದು ಗದ್ದೆಗಳಿಗೆ ಉಪ್ಪುನೀರನ್ನು ತುಂಬಿದವು. ಘೋಡಾಮಾರಾ ದ್ವೀಪವನ್ನು ಕಡಲು ಅರ್ಧಕ್ಕೂ ಮೇಲೆ ಕೊರೆದುಹಾಕಿದೆ. ಗದ್ದೆ ಹೋದವನು ದೋಣಿ ಹತ್ತಿದ. ದೋಣಿಯೂ ದಕ್ಕದವನು ಕೆಲಸ ಹುಡುಕುತ್ತ ಕೇರಳಕ್ಕೂ ಕರ್ನಾಟಕಕ್ಕೂ ಹೊರಟ. ಅನ್ನವನ್ನರಸಿ ನಾವು ಅರಬ್ಬೀ ಕಡಲಿನ ಮಗ್ಗುಲಿನಿಂದ ಇಲ್ಲಿಗೆ ಬಂದೆವು. ಇಲ್ಲಿನವರು ನಮ್ಮ ಊರಿಗೆ ಹೋದರು. ಊರಿಗೆ ಹೋದಾಗ ಕಟ್ಟಡದ ಕೆಲಸದಲ್ಲಿಯೋ ಹೋಟೆಲಿನ ಹಿತ್ತಿಲಲ್ಲಿಯೋ ಬಂಗಾಳಿ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಎರಡು ಕರಾವಳಿಯ ಹಿರಿಯರೂ ಮೀನಿಗಾಗಿ ಒಂದು ಬಗೆಯ ವ್ರತವನ್ನು ಹಿಡಿದಿದ್ದರೆಂಬುದು ಗಮನಾರ್ಹ. ಆಟಿ ತಿಂಗಳ ಬಿರುಗಾಳಿಯಲ್ಲಿ ನಮ್ಮವರು ದೋಣಿಗಳನ್ನು ದಡಕ್ಕೇರಿಸಿ, ನೂಲಹುಣ್ಣಿಮೆಯಂದು ಕಡಲಿಗೆ ಹಾಲೆರೆದು ಪೂಜಿಸಿದ ಮೇಲೆ ನೀರಿಗಿಳಿಯುತ್ತಿದ್ದರು. ಪೂರ್ವಬಂಗಾಳದಿಂದ ಬಂದ ಅನೇಕ ಮನೆತನಗಳಲ್ಲಿ ಲಕ್ಷ್ಮೀಪೂಜೆಯ ನಂತರ ಇಲಿಷನ್ನು ಮನೆಗೆ ತರುವುದಿಲ್ಲ. ಸರಸ್ವತೀಪೂಜೆಯಂದು ಜೋಡಿ ಇಲಿಷ್ ತಂದು ಮತ್ತೆ ಆರಂಭಿಸುತ್ತಾರೆ. ಆಶ್ವಯುಜದ ಆ ಹುಣ್ಣಿಮೆಯ ಆಸುಪಾಸಿನಲ್ಲಿಯೇ ಇಲಿಷ್ ಹೆಚ್ಚಾಗಿ ಮೊಟ್ಟೆಯಿಡುವುದು. ಆಮೇಲಿನ ತಿಂಗಳುಗಳು ಮರಿಗಳು ಬೆಳೆಯುವ ಕಾಲ. ಇಂದಿನ ಕಾನೂನು ಅದೇ ವ್ರತವನ್ನು ತಾರೀಖು ಹಾಕಿ ಬರೆದಿಟ್ಟಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯಬಾರದು. ಆದರೆ ಮಳೆಯೇ ತನ್ನ ತಾರೀಖನ್ನು ತಪ್ಪಿಸುತ್ತಿರುವ ಕಾಲವಿದು. ಮಳೆ ತಡವಾದ ವರ್ಷ ಇಲಿಷ್ ನದಿಮುಖದಲ್ಲಿ ಕಾಯುತ್ತದೆ. ಕಾಯುವ ಮೀನಿಗೆ ಬಲೆ ಕಾದಿರುತ್ತದೆ. ಪಂಚಾಂಗವನ್ನು ಮೀನು ಓದುವುದಿಲ್ಲವಷ್ಟೆ.

ನೆರೆಯ ಬಾಂಗ್ಲಾದೇಶದ ಮಾದರಿಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ನವೆಂಬರಿನಿಂದ ಜೂನ್‌ವರೆಗೆ 25 ಸೆಂಟಿಮೀಟರಿಗಿಂತ ಚಿಕ್ಕದಾದ ಇಲಿಷನ್ನು ಹಿಡಿಯುವಂತಿಲ್ಲ. ಅಕ್ಟೋಬರಿನ ಸುಮಾರಿಗೆ 22 ದಿನ ಇಲಿಷ್ ಹಿಡಿಯುವುದೇ ನಿಷಿದ್ಧ. ಬಲೆ ಬಿಡಬೇಡವೆಂದು ಹೇಳಿ ಸುಮ್ಮನಿರದೆ, ಮರಿಮೀನಿನ ಕಾಲದಲ್ಲಿ ಬೆಸ್ತರ ಕುಟುಂಬಗಳಿಗೆ ತಿಂಗಳಿಗೆ 40 ಕಿಲೋ ಅಕ್ಕಿಯನ್ನೂ ಕೊಡುತ್ತ ಬಂದಿರುವರು. 2002-03ರಲ್ಲಿ ಸುಮಾರು 2 ಲಕ್ಷ ಟನ್ನಿದ್ದ ಅಲ್ಲಿನ ಇಲಿಷ್ 2017-18ರ ವೇಳೆಗೆ 5 ಲಕ್ಷ ಟನ್ ದಾಟಿತು. ಹಸಿದವನಿಗೆ ಅಕ್ಕಿ ಕೊಡದೆ ಮೀನನ್ನು ಉಳಿಸೆನ್ನುವುದು ನ್ಯಾಯವಲ್ಲವೆಂಬ ನಮ್ಮ ಅಭಿಪ್ರಾಯಕ್ಕೆ ಇದು ಒಳ್ಳೆಯ ಸಾಕ್ಷಿ. 2025ರಿಂದ ಅವರು ಕಡಲಿನ ನಿಷೇಧವನ್ನೂ ಏಪ್ರಿಲ್ 15ರಿಂದ ಜೂನ್ 11ಕ್ಕೆ ಬದಲಿಸಿ ನಮ್ಮ ದೇಶದ ಅವಧಿಗೆ ಹೊಂದಿಸಿದ್ದಾರೆ. ಒಂದೇ ಕೊಲ್ಲಿಯ ಒಂದೇ ಮೀನಿಗೆ ಎರಡು ರಜೆಗಳಿದ್ದುದು ಅಲ್ಲಿಯವರೆಗೆ ನಡೆದುಬಂದಿದ್ದೇ ಸೋಜಿಗ.

ಪಶ್ಚಿಮ ಬಂಗಾಳ ಸರ್ಕಾರವು 2013ರಲ್ಲಿ 23 ಸೆಂಟಿಮೀಟರಿಗಿಂತ ಚಿಕ್ಕ ಇಲಿಷನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿತು. 90 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆಯೂ ಕೂಡದು. ಆದರೂ ಖೋಕಾ ಇಲಿಷ್, ಅಂದರೆ ಮಗು ಇಲಿಷ್, ಮಾರುಕಟ್ಟೆಗೆ ಬರುತ್ತಲೇ ಇದೆ. ಕಾರಣ ಸರಳ. ಕಿಲೋ ತೂಕದ ಇಲಿಷಿಗೆ ಸಾವಿರ ರೂಪಾಯಿಗೂ ಮೇಲೆ ತೆರಬೇಕು. ಊರಿಗೆ ಮನಿಯಾರ್ಡರಿನ ಬದಲು ಫೋನಿನಲ್ಲಿ ಹಣ ಕಳುಹಿಸಿ ಉಳಿದುದರಲ್ಲಿ ತಿಂಗಳು ಕಳೆಯುವ ನಮ್ಮಂತಹವರಿಗೆ ಅಗ್ಗದ ಸಣ್ಣ ಮೀನೇ ಗತಿ. ಅವರನ್ನು ಹಳಿಯುವ ಮನಸ್ಸು ನಮಗಿಲ್ಲ. ಆದರೆ ಅದೇ ಹಣಕ್ಕೆ ಈ ನಗರದಲ್ಲಿ ಬೇರೆ ಮೀನು ಹೇರಳವಾಗಿದೆ. ಪೂರ್ವ ಕೋಲ್ಕತ್ತದ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶದ ಭೇರಿಗಳಲ್ಲಿ, ನಗರದ ಕೊಳಚೆ ನೀರನ್ನೇ ಬಿಸಿಲಿನಿಂದ ಶುದ್ಧಗೊಳಿಸಿ ರುಯಿ, ಕಾತ್ಲಾ, ತಿಲಾಪಿಯಾಗಳನ್ನು ಬೆಳೆಸುತ್ತಾರೆ. 2002ರಲ್ಲಿ ಅದಕ್ಕೆ ರಾಮ್ಸಾರ್ ಒಪ್ಪಂದದ ಮಾನ್ಯತೆಯೂ ದೊರೆತಿದೆ. ಕೊಳಚೆಯೆಂದು ಮೂಗು ಮುರಿಯುವವರು, ತಾವು ದಿನವೂ ತಿನ್ನುವ ರುಯಿ ಎಲ್ಲಿಯದೆಂದು ಒಮ್ಮೆ ಅಂಗಡಿಯವನನ್ನು ಕೇಳಿ ನೋಡಬಹುದು.

ಇಲಿಷೇ ಬೇಕೆನ್ನುವ ದಿನ ಅಳತೆಗೆ ಟೇಪು ಹುಡುಕಬೇಕಾಗಿಲ್ಲ. 23 ಸೆಂಟಿಮೀಟರ್ ಎಂದರೆ ಒಂಬತ್ತು ಅಂಗುಲ. ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಒಂದು ಗೇಣು. ಇದು ಉದಾರವಾದ ಅಳತೆಯೇ; ಹೆಣ್ಣು ಇಲಿಷ್ ಮೊದಲ ಸಲ ಮೊಟ್ಟೆಗೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ದೊಡ್ಡದಾದ ಮೇಲೆ. ಬೆಲೆ ಮಾತನಾಡುವ ಮೊದಲು ಹೆಬ್ಬೆರಳನ್ನು ಮೂತಿಯ ಬಳಿ ಇಟ್ಟು ಕಿರುಬೆರಳನ್ನು ಬಾಲದತ್ತ ಚಾಚಬೇಕು. ಬಾಲ ಬೆರಳಿನೊಳಗೇ ಮುಗಿದರೆ ಆ ಮೀನನ್ನು ಅಲ್ಲಿಯೇ ಬಿಟ್ಟು, ಪಕ್ಕದ ಬುಟ್ಟಿಯ ಪಾರ್ಶೆಯನ್ನೋ ತಿಲಾಪಿಯಾವನ್ನೋ ತೂಗಿಸಿಕೊಳ್ಳಬಹುದು.