ಹಳೆಯ ಕಾರಿಗೆ ಹೊಸ ಜೀವ: ಯಾವ ಕೆಲಸ ನಮ್ಮದು, ಯಾವುದು ಮೇಸ್ತ್ರಿಯದು?

ನಮ್ಮಲ್ಲಿ ಎಷ್ಟೋ ಮನೆಗಳ ಶೆಡ್ಡಿನಲ್ಲಿ, ಹಿತ್ತಲ ಮರದ ನೆರಳಿನಲ್ಲಿ, ಟಾರ್ಪಾಲಿನ ಕೆಳಗೆ ಇಂದಿಗೂ ಒಂದು ಹಳೆಯ ಕಾರು ನಿಂತಿರುತ್ತದೆ. ಹೆಚ್ಚಾಗಿ ಅದು ಪ್ರೀಮಿಯರ್ ಪದ್ಮಿನಿ, ಇಲ್ಲವೇ ಅಂಬಾಸಡರ್. ತಂದೆಯವರೋ ತಾತನವರೋ ಕೊಂಡದ್ದು. ಮನೆಯ ಮದುವೆ ಮುಂಜಿಗಳಿಗೆಲ್ಲ ಓಡಿದ್ದು. ಮಾರಲು ಮನಸ್ಸು ಬಾರದು, ಗುಜರಿಗೆ ಹಾಕಲು ಮೊದಲೇ ಬಾರದು. ಇದನ್ನು ಮತ್ತೆ ರಸ್ತೆಗೆ ತರಬಹುದೇ? ತರುವುದಾದರೆ ನಾವೇ ಕೈಹಚ್ಚಬೇಕೇ, ಗ್ಯಾರೇಜಿಗೆ ಒಪ್ಪಿಸಬೇಕೇ? ಹಳೆಯ ಕಾರಿರುವ ಮನೆಯವರೆಲ್ಲ ಕೇಳಿಕೊಳ್ಳುವ ಪ್ರಶ್ನೆ ಇದು.

ಸಾಮಾನ್ಯವಾಗಿ ನಾವು ಇದಕ್ಕೆ ಖರ್ಚಿನ ಲೆಕ್ಕದಲ್ಲಿ ಉತ್ತರ ಹುಡುಕುತ್ತೇವೆ. ನಾವೇ ಮಾಡಿದರೆ ಕೂಲಿ ಉಳಿಯುತ್ತದೆ, ಕೊಟ್ಟರೆ ಸಮಯ ಉಳಿಯುತ್ತದೆ ಎನ್ನುತ್ತೇವೆ. ಲೆಕ್ಕವೇನೋ ಸರಿಯೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಈ ಕೆಲಸ ತಪ್ಪಾದರೆ ಏನಾಗುತ್ತದೆ? ತಪ್ಪಿದರೆ ಗಾಡಿ ಹೊರಡುವುದಿಲ್ಲ ಎನ್ನುವಂಥ ಕೆಲಸವಾದರೆ ಧೈರ್ಯವಾಗಿ ನೀವೇ ಮಾಡಿ. ಹೋಗುವುದು ಅರ್ಧ ದಿನ ಮಾತ್ರ. ತಪ್ಪಿದರೆ ಗಾಡಿ ನಿಲ್ಲುವುದಿಲ್ಲ, ತಿರುಗುವುದಿಲ್ಲ, ಇಲ್ಲವೇ ಬೆಂಕಿ ಹತ್ತುತ್ತದೆ ಎನ್ನುವಂಥದ್ದಾದರೆ ಅದನ್ನು ನುರಿತ ಕೈಗೇ ಕೊಡಬೇಕು. ಪರದೆಯ ಮೇಲೆ ಕೇಳಿದ ಮಾತು ಗಾಡಿಯ ಮುಂದೆ ನಿಂತಾಗ ಮರೆತುಹೋಗುವುದು ಸಹಜ. ಆದ್ದರಿಂದ ಈ ಒಂದೇ ಅಳತೆಗೋಲನ್ನು ಹಿಡಿದು, ಪದ್ಮಿನಿಯನ್ನು ಉದಾಹರಣೆಯಾಗಿಟ್ಟುಕೊಂಡು, ಕೆಲಸಗಳನ್ನು ಕ್ರಮವಾಗಿ ನೋಡೋಣ.

ಗಾಡಿಯ ಪರಿಚಯ

ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರು 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಿಂದ ಬಂತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು, ಆ ಶತಮಾನದ ಕೊನೆಯವರೆಗೂ ನಡೆಯಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಕಾರ್ಬುರೇಟರ್, ಬಹುಕಾಲ ಸ್ಟೀರಿಂಗ್ ಪಕ್ಕದಲ್ಲೇ ಇದ್ದ ಗೇರಿನ ಕೋಲು, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಕಂಪ್ಯೂಟರ್ ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಯಂತ್ರ ಇದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಕಷ್ಟ ಇರುವುದು ಬೇರೆ ಕಡೆ. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಸೇವೆ 2023ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತ್ತು. ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಗಳಿಗೂ ಬೇಡಿಕೆ ಇತ್ತು, ಅವನ್ನು ಬಲ್ಲ ಕೈಗಳಿಗೂ ಕೆಲಸ ಇತ್ತು. ಈಗ ಎರಡೂ ಕಡಿಮೆಯಾಗುತ್ತಿವೆ. ಇವತ್ತು ಸಿಗುವ ಸಾಮಾನು, ಇವತ್ತು ಸಿಗುವ ಮೇಸ್ತ್ರಿ ಇನ್ನು ಹತ್ತು ವರ್ಷಕ್ಕೆ ಸಿಗುವರೆಂಬ ಭರವಸೆಯಿಲ್ಲ. ಹೀಗಾಗಿ ಗಾಡಿಯ ಒಡೆಯರೇ ಒಂದಿಷ್ಟು ಕೆಲಸ ಕಲಿಯುವುದು ಈಗ ಬರಿಯ ಹವ್ಯಾಸವಾಗಿ ಉಳಿದಿಲ್ಲ.

ಮೊದಲ ದಿನ ಕೀಲಿ ತಿರುಗಿಸಬೇಡಿ

ವರ್ಷಗಟ್ಟಲೆ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ ತಕ್ಷಣ ಸ್ಟಾರ್ಟ್ ಮಾಡಲು ಹೋಗುವುದೇ ಮೊದಲ ಅಪಾಯ. ಇಲಿಗಳು ವೈರಿನ ಹೊದಿಕೆ ಕಡಿದಿದ್ದರೆ ಬ್ಯಾಟರಿ ಕೊಟ್ಟ ಕ್ಷಣದಲ್ಲೇ ಹೊಗೆ ಬರಬಹುದು. ಆದ್ದರಿಂದ ಮೊದಲು ವೈರುಗಳನ್ನು ಕಣ್ಣಾರೆ ನೋಡಿ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ, ತೆಗೆಸಿ. ಎಂಜಿನ್ ಆಯಿಲ್ ಬದಲಿಸಿ. ನಾಲ್ಕೂ ಪ್ಲಗ್ಗು ಬಿಚ್ಚಿ ಒಂದೊಂದು ತೂತಿಗೆ ಚಮಚದಷ್ಟು ಎಣ್ಣೆ ಬಿಟ್ಟು ಒಂದು ದಿನ ಹಾಗೆಯೇ ಬಿಡಿ. ಮರುದಿನ ಪ್ಲಗ್ಗುಗಳಿಲ್ಲದೆಯೇ, ಕೀಲಿ ಆಫ್ ಇರುವಂತೆಯೇ, ನಾಲ್ಕನೆಯ ಗೇರಿನಲ್ಲಿಟ್ಟು ಸಮತಟ್ಟಾದ ನೆಲದಲ್ಲಿ ಮೆಲ್ಲಗೆ ತಳ್ಳಿ. ಎಂಜಿನ್ ತಿರುಗಿದರೆ ಒಳ್ಳೆಯ ಲಕ್ಷಣ. ತಿರುಗದಿದ್ದರೆ ಬಲ ಪ್ರಯೋಗಿಸದೆ ಮೇಸ್ತ್ರಿಯವರನ್ನು ಕರೆಸಿ.

ಈ ತಳ್ಳಾಟದಲ್ಲಿ ಒಂದು ಎಚ್ಚರ: ಬ್ರೇಕ್ ಹಿಡಿಯುತ್ತದೆಂದು ನಂಬಬೇಡಿ. ಚಕ್ರಕ್ಕೆ ಅಡ್ಡ ಕೊಡಲು ಕಲ್ಲು ಹಿಡಿದ ಒಬ್ಬರು ಪಕ್ಕದಲ್ಲೇ ಇರಲಿ.

ಎಂಜಿನ್ ಹೊರಟ ಮೇಲೆ ಹೊಗೆಯ ಬಣ್ಣವೇ ಅರ್ಧ ರೋಗ ಹೇಳುತ್ತದೆ. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು ಅಥವಾ ವಾಲ್ವಿನ ಕಡೆ ದೋಷ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ, ಕಾರ್ಬುರೇಟರ್ ನೋಡಬೇಕು. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಇಷ್ಟು ತಿಳಿದು ಗ್ಯಾರೇಜಿಗೆ ಹೋದವರು "ಏನೋ ಸರಿಯಿಲ್ಲ, ನೋಡಿ" ಎನ್ನುವುದಿಲ್ಲ. ಏನು ನೋಡಬೇಕೆಂದು ಹೇಳುತ್ತಾರೆ.

ನಿಮ್ಮ ಕೈಯಲ್ಲಿ ಆಗುವ ಕೆಲಸ

ಆಯಿಲ್, ಫಿಲ್ಟರ್ ಬದಲಿಸುವುದು. ಪ್ಲಗ್ಗು ಉಜ್ಜಿ ಅಂತರ ಹೊಂದಿಸುವುದು. ಡಿಸ್ಟ್ರಿಬ್ಯೂಟರಿನ ಪಾಯಿಂಟು ಬದಲಿಸುವುದು. ಕಾರ್ಬುರೇಟರ್ ಬಿಚ್ಚಿ ಜೆಟ್ಟುಗಳನ್ನು ಊದಿ ಸ್ವಚ್ಛ ಮಾಡುವುದು. ಫ್ಯಾನ್ ಬೆಲ್ಟು, ನೀರಿನ ಹೋಸುಗಳು. ಬಾಗಿಲ ರಬ್ಬರು, ಸೀಟಿನ ಹೊಲಿಗೆ, ಕ್ರೋಮಿನ ಹೊಳಪು. ಇವೆಲ್ಲ ಮನೆಯಲ್ಲೇ ಆಗುವಂಥವು. ಪ್ಲಗ್ಗಿನ ವೈರುಗಳನ್ನು ಕಳಚುವ ಮೊದಲು ಒಂದೊಂದಕ್ಕೂ ಸಂಖ್ಯೆಯ ಚೀಟಿ ಅಂಟಿಸಿ. ಈ ಎಂಜಿನ್ ಕಿಡಿ ಹಚ್ಚುವ ಕ್ರಮ 1, 3, 4, 2. ಎರಡು ವೈರು ಅದಲುಬದಲಾದರೆ ಹೊಸ ಎಂಜಿನ್ನೂ ಕೆಮ್ಮುತ್ತದೆ.

ಸಾಮಾನು ಕೊಳ್ಳುವಾಗ ಗಾಡಿಯ ಮೂಲ ನೆನಪಿರಲಿ. ಇಟಲಿ ಮೂಲದ ಪದ್ಮಿನಿಗೆ ಮಿಲಿಮೀಟರ್ ಸ್ಪ್ಯಾನರ್ ಸಾಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಡರಿನಲ್ಲಿ ಇಂಚಿನ ಅಳತೆಯ ಬೋಲ್ಟುಗಳೇ ಹೆಚ್ಚು. ಸರಿಹೊಂದದ ಸ್ಪ್ಯಾನರಿನಿಂದ ಬೋಲ್ಟಿನ ಮೂಲೆ ಸವೆದರೆ ಐದು ನಿಮಿಷದ ಕೆಲಸ ಐದು ಗಂಟೆಯದಾಗುತ್ತದೆ. ಬಿಚ್ಚಿದ ನಟ್ಟು ಬೋಲ್ಟುಗಳಿಗೆ ಬೇರೆ ಬೇರೆ ಡಬ್ಬಿ, ಡಬ್ಬಿಯ ಮೇಲೆ ಬರಹ. ಬಿಚ್ಚುವ ಮೊದಲು ಒಂದು ಚಿತ್ರ. ಇದು ಅಭ್ಯಾಸವಾಗಲಿ.

ಇನ್ನೊಂದು ಮಾತು ಈ ಕಾಲಕ್ಕೆ ಸಂಬಂಧಿಸಿದ್ದು. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅಂದಿನ ರಬ್ಬರ್ ಹೋಸು, ಪಂಪಿನ ಡಯಾಫ್ರಾಮುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಕಾಲಕ್ರಮದಲ್ಲಿ ಅವು ಉಬ್ಬಿ, ಬಿರಿದು ಪೆಟ್ರೋಲು ಒಸರಬಹುದು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಹೋಸುಗಳನ್ನೆಲ್ಲ ಎಥೆನಾಲ್ ತಾಳುವ ದರ್ಜೆಯವಕ್ಕೆ ಬದಲಿಸಿ, ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಮೇಸ್ತ್ರಿಗೇ ಬಿಡಬೇಕಾದದ್ದು

ಮೊದಲನೆಯದು ಬ್ರೇಕು. ಆ ಕಾಲದ ಅನೇಕ ಕಾರುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಕೊಳವೆಯ ಸಂಸಾರ. ಒಂದು ಕಡೆ ಸೋರಿದರೂ ಪೆಡಲು ನೆಲ ಮುಟ್ಟುತ್ತದೆ. ನಿಂತ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನ ರಬ್ಬರು ಗಟ್ಟಿಯಾಗಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕೊಳವೆಯ ಒಳಗೇ ತುಕ್ಕು ಹಿಡಿಸಿರುತ್ತದೆ. ರಬ್ಬರು, ಹೋಸು, ಆಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರಬಹುದು. ಡ್ರಮ್ ತೆಗೆದಾಗ ಬಾಯಿಂದಲೋ ಗಾಳಿಯಿಂದಲೋ ಧೂಳು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇದನ್ನು ನಿಮ್ಮ ಮೇಸ್ತ್ರಿಯವರಿಗೂ, ಅಲ್ಲಿನ ಹುಡುಗರಿಗೂ ತಿಳಿಸಿ.

ಎರಡನೆಯದು ಸ್ಟೀರಿಂಗ್ ಮತ್ತು ಮುಂದಿನ ಸಸ್ಪೆನ್ಷನ್. ಅಲ್ಲಿರುವ ಕಾಯಿಲ್ ಸ್ಪ್ರಿಂಗು ಅದುಮಿಟ್ಟ ಬಲವನ್ನು ಹಿಡಿದು ಕೂತಿರುತ್ತದೆ. ತಕ್ಕ ಉಪಕರಣವಿಲ್ಲದೆ ಬಿಚ್ಚಿದರೆ ಕೈ, ಮುಖಕ್ಕೆ ಪೆಟ್ಟು ಖಂಡಿತ. ಹಾಗೆಯೇ ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ, ಯಾವ ಕಾರಣಕ್ಕೂ ನುಸುಳಬಾರದು. ಕೆಳಗೆ ಗಟ್ಟಿ ಸ್ಟ್ಯಾಂಡು ಇರಲೇಬೇಕು.

ಮೂರನೆಯದು ಒಡಲಿನ ತುಕ್ಕು. ಪದ್ಮಿನಿಗೂ ಅಂಬಾಸಡರಿಗೂ ಲಾರಿಯಂತೆ ಬೇರೆ ಚಾಸಿ ಇಲ್ಲ. ತಗಡಿನ ಒಡಲೇ ಬೆನ್ನೆಲುಬು. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಜಾಕು ಕೊಡುವ ಜಾಗ ತಿಂದುಹೋಗಿದ್ದರೆ ಗಾಡಿಯ ಬಲವೇ ಹೋದಂತೆ. ಒಂದು ಸಣ್ಣ ಅಯಸ್ಕಾಂತ ಹಿಡಿದು ಮೈಯೆಲ್ಲ ಆಡಿಸಿ ನೋಡಿ. ಅಂಟದ ಕಡೆ ಬಣ್ಣದಡಿಯಲ್ಲಿ ಪುಟ್ಟಿ ತುಂಬಿದೆ ಎಂದು ತಿಳಿಯಿರಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಮತ್ತು ಮಳೆ ಕಂಡ ಗಾಡಿಯಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು. ಬಳ್ಳಾರಿ, ಕಲಬುರಗಿಯ ಒಣ ಹವೆಯ ಗಾಡಿಗಳಲ್ಲಿ ತಗಡು ಗಟ್ಟಿಯಾಗಿದ್ದರೂ ರಬ್ಬರು, ಸೀಟುಗಳು ಬಿಸಿಲಿಗೆ ಬಿರಿದಿರುತ್ತವೆ. ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದು ಪಳಗಿದ ಟಿಂಕರಿಂಗ್ ಕೈಯ ಕೆಲಸ.

ನಾಲ್ಕನೆಯದು ಎಂಜಿನ್ನಿನ ಒಳಗು. ಬೋರಿಂಗ್, ಕ್ರ್ಯಾಂಕ್ ಉಜ್ಜುವುದು ಲೇತ್ ಅಂಗಡಿಯಲ್ಲೇ ಆಗಬೇಕು. ಪದ್ಮಿನಿಯ ಹೆಡ್ ಅಲ್ಯೂಮಿನಿಯಮ್ಮಿನದು. ಅತಿಯಾಗಿ ಕಾದರೆ ಬಾಗುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ಕೈಪಿಡಿ ಹೇಳುವ ಕ್ರಮದಲ್ಲೇ ಬಿಗಿಯಬೇಕು. ಮೇಸ್ತ್ರಿಯವರ ಬಳಿ ಆ ರೆಂಚು ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಗ್ಯಾರೇಜಿನೊಡನೆ ವ್ಯವಹಾರ

"ಪೂರ್ತಿ ಗಾಡಿ ಮಾಡಿಕೊಡಿ" ಎಂದು ಬಿಟ್ಟುಬಂದ ಕಾರುಗಳೇ ಹೆಚ್ಚಾಗಿ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ನಿಲ್ಲುವುದು. ಕೆಲಸವನ್ನು ಹಂತಗಳಾಗಿ ಒಡೆಯಿರಿ. ಪ್ರತಿ ಹಂತಕ್ಕೂ ಅಂದಾಜನ್ನು ಬರೆದು ಪಡೆಯಿರಿ, ಮುಗಿದಂತೆ ಹಣ ಕೊಡಿ, ಬದಲಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಹಂತಗಳ ಕ್ರಮವೂ ಮುಖ್ಯ: ಮೊದಲು ತಗಡು ಮತ್ತು ಬ್ರೇಕು, ನಂತರ ಎಂಜಿನ್, ಆಮೇಲೆ ವೈರಿಂಗ್, ಎಲ್ಲಕ್ಕೂ ಕೊನೆಗೆ ಬಣ್ಣ. ಎಷ್ಟೋ ಮಂದಿ ಬಣ್ಣದಿಂದ ಆರಂಭಿಸಿ, ಮತ್ತೆ ಅದನ್ನೇ ಕೆರೆದು ವೆಲ್ಡಿಂಗ್ ಮಾಡಿಸುತ್ತಾರೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕುವವರು ಹಳೆಯ ಭಾಗವನ್ನು ಕೈಯಲ್ಲೇ ಹಿಡಿದು ಹೋಗುವುದು ಮೇಲು. ಒಂದೇ ಹೆಸರಿನ ಗಾಡಿಯಲ್ಲಿ ವರ್ಷದಿಂದ ವರ್ಷಕ್ಕೆ ವ್ಯತ್ಯಾಸಗಳಿವೆ. ಆದರೆ ಬ್ರೇಕಿನ ರಬ್ಬರು, ಹೋಸುಗಳನ್ನು ಮಾತ್ರ ಹಳೆಯದು ಕೊಳ್ಳಬೇಡಿ.

ಹಿರಿಯ ಮೇಸ್ತ್ರಿಯವರು ಸಿಕ್ಕರೆ ಕೂಲಿಯಲ್ಲಿ ಚೌಕಾಸಿ ಮಾಡದೆ, ಪಕ್ಕದಲ್ಲಿ ನಿಂತು ನೋಡಲು ಅನುಮತಿ ಕೇಳಿ. ಶಬ್ದ ಕೇಳಿಯೇ ವಾಲ್ವಿನ ಅಂತರ ಹೇಳುವ ಆ ಕಿವಿ ಯಾವ ಕೈಪಿಡಿಯಲ್ಲೂ ಇಲ್ಲ. ಅವರು ಮಾಡುವ ಕೆಲಸ ನಿಮಗೆ ಅರ್ಥವಾದರೆ ಆ ವಿದ್ಯೆಯ ಒಂದು ಪಾಲಾದರೂ ಮುಂದಿನ ತಲೆಮಾರಿಗೆ ಉಳಿಯುತ್ತದೆ.

ಮಾರ್ಪಾಡು: ಎಷ್ಟು, ಎಲ್ಲಿಯವರೆಗೆ?

ಗಾಡಿಯನ್ನು ಮೂಲದಂತೆ ಮಾಡುವುದು ಒಂದು, ಬದಲಾಯಿಸುವುದು ಇನ್ನೊಂದು. ಕೆಲವು ಬದಲಾವಣೆಗಳು ಗಾಡಿಗೆ ಹಿತ: ಅಳತೆಗೆ ಹೊಂದುವ ರೇಡಿಯಲ್ ಟೈರು, ಹೆಡ್‌ಲೈಟಿಗೆ ಫ್ಯೂಸು ಸಹಿತ ರಿಲೇ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಮುಂದಿನ ಸೀಟುಗಳಿಗೆ ಬೆಲ್ಟು. ಬೆಲ್ಟನ್ನು ಮಾತ್ರ ತೆಳುತಗಡಿಗೆ ಸಿಕ್ಕಿಸದೆ ಬಲವಾದ ಜಾಗದಲ್ಲಿ ನುರಿತವರಿಂದ ಕೂರಿಸಬೇಕು. ವೈರಿಂಗ್ ಕೂಡ ಬೆಂಕಿಯ ವಿಷಯ. ಬಲ್ಲ ಆಟೋ ಎಲೆಕ್ಟ್ರಿಷಿಯನ್‌ಗೇ ಒಪ್ಪಿಸಿ.

ಇನ್ನು ಕೆಲವಕ್ಕೆ ಕಾನೂನಿನ ಗಡಿಯಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪುಸ್ತಕದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಿದರೆ ಆರ್.ಟಿ.ಒ. ಕಚೇರಿಯಲ್ಲಿ ದಾಖಲಿಸಬೇಕು. ಎಂಜಿನ್ ಬದಲಿಸಲು ಮುಂಚೆಯೇ ಅನುಮತಿ ಬೇಕು. ಛಾವಣಿ ಕತ್ತರಿಸುವುದು, ಒಡಲಿನ ಆಕಾರ ಬದಲಿಸುವುದು ಬೇಡವೇ ಬೇಡ. ದಾಖಲಾಗದ ಮಾರ್ಪಾಡಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾಗಬಹುದು.

ಕಾಗದಪತ್ರವನ್ನು ಕೆಲಸ ಶುರುವಾಗುವ ಮೊದಲೇ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ನಂತರ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5000 ರೂಪಾಯಿಯಾಯಿತು. 20 ವರ್ಷ ದಾಟಿದ ಗಾಡಿಗಳಿಗೆ ಆಮೇಲೆ ಇನ್ನೂ ಏರಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ 2021ರಿಂದ 'ವಿಂಟೇಜ್' ನೋಂದಣಿಯ ಸೌಲಭ್ಯವಿದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ತರಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಒಡಲು, ಎಂಜಿನ್ನುಗಳನ್ನು ಮನಬಂದಂತೆ ಬದಲಿಸಿದವರಿಗೆ ಈ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಏನೇ ಸೇರಿಸಿದರೂ ನಾಳೆ ಬಿಚ್ಚಿದರೆ ಹಳೆಯ ರೂಪ ಮರಳುವಂತಿರಲಿ, ತೆಗೆದ ಮೂಲ ಭಾಗ ಅಟ್ಟದ ಮೇಲೆ ಭದ್ರವಾಗಿರಲಿ.

ಕೊನೆಯದಾಗಿ, ಕೆಲಸ ಯಾರೇ ಮಾಡಲಿ, ಪರೀಕ್ಷೆ ನಿಮ್ಮದು. ಗಾಡಿ ಗ್ಯಾರೇಜಿನಿಂದ ಹೊರಬಂದ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಡಬೇಡಿ. ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ಹತ್ತು ಸಲ ನಿಲ್ಲಿಸಿ ನೋಡಿ. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ, ಪೆಡಲು ಮೆತ್ತಗಾಗುತ್ತದೆಯೇ, ನಿಂತ ಜಾಗದಲ್ಲಿ ಎಣ್ಣೆಯ ಹನಿ ಬಿದ್ದಿದೆಯೇ ಗಮನಿಸಿ. ಒಂದು ವಾರ ಹೀಗೆ ಹತ್ತಿರದಲ್ಲೇ ಓಡಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಆಮೇಲೆ ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಿಶ್ಚಿಂತೆಯಿಂದ ಹೊರಡಬಹುದು.