ಆಲ್ಬಮ್ಮಿನ ಫೋಟೊ ಪರದೆಗೆ ಬರುವಾಗ: ಬಂದರು ನಗರದ ಸಂಘಗಳಿಗೆ ಒಂದಿಷ್ಟು ಕಿವಿಮಾತು

ವಿಶಾಖಪಟ್ಟಣ: ನವೆಂಬರ್ ಹತ್ತಿರ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಓಡಾಟ ಶುರುವಾಗುತ್ತದೆ. ಧ್ವಜಾರೋಹಣ, ಮಕ್ಕಳ ನೃತ್ಯ, ಊಟದ ವ್ಯವಸ್ಥೆಗಳ ಪಟ್ಟಿಗೆ ಇತ್ತೀಚೆಗೆ ಇನ್ನೊಂದು ಬಾಬು ಸೇರಿಕೊಂಡಿದೆ. ಸಂಘ ನಡೆದುಬಂದ ದಾರಿಯನ್ನು ಹಳೆಯ ಫೋಟೊಗಳಿಂದ ವಿಡಿಯೊ ಮಾಡಿ ಸಭಾಂಗಣದ ಪರದೆಯ ಮೇಲೆ ತೋರಿಸುವುದು. ಬೆಳ್ಳಿಹಬ್ಬ, ಷಷ್ಟ್ಯಬ್ದಿ, ಬೀಳ್ಕೊಡುಗೆಗಳಲ್ಲೂ ಇದೇ ರೂಢಿ. ಕೆಲಸ ಸಾಮಾನ್ಯವಾಗಿ ಕಂಪ್ಯೂಟರ್ ಬಲ್ಲ ಯಾರದೋ ಮನೆಯ ಮಗನಿಗೋ ಮಗಳಿಗೋ ಬೀಳುತ್ತದೆ. ಕಡೆಗೆ ಪರದೆಯ ಮೇಲೆ ಬರುವಾಗ ಹಿಂದಿನ ಸಾಲಿನವರ ತಲೆ ಕತ್ತರಿಸಿರುತ್ತದೆ, ಮುಖ ಗುರುತು ಹಿಡಿಯುವಷ್ಟರಲ್ಲಿ ಚಿತ್ರ ಹೋಗಿರುತ್ತದೆ, ಕನ್ನಡದ ಒತ್ತಕ್ಷರಗಳು ಮುರಿದು ಬಿದ್ದಿರುತ್ತವೆ. ಸ್ವಲ್ಪ ಲೆಕ್ಕ, ಸ್ವಲ್ಪ ತಾಳ್ಮೆ ಇದ್ದರೆ ಇವನ್ನೆಲ್ಲ ತಪ್ಪಿಸಬಹುದು.

ನೀರಿಗೂ ಗಾಳಿಗೂ ಸಿಕ್ಕ ನೆನಪುಗಳು

ವಿಶಾಖಪಟ್ಟಣ ಬಂದು ಹೋಗುವವರ ಊರು. ಬಂದರು, ನೌಕಾಪಡೆ, ಉಕ್ಕಿನ ಕಾರ್ಖಾನೆ, ಬ್ಯಾಂಕುಗಳ ಕೆಲಸಕ್ಕೆ ಬಂದವರು ವರ್ಗವಾದಾಗ, ನಿವೃತ್ತರಾದಾಗ ಗಂಟುಮೂಟೆ ಕಟ್ಟುತ್ತಾರೆ. ಅವರ ಜೊತೆಗೆ ಆಲ್ಬಮ್ಮುಗಳೂ ಹೋಗುತ್ತವೆ. ಉಳಿದವನ್ನು ಸಮುದ್ರದ ಉಪ್ಪುಗಾಳಿ, ತೇವ, ಬೂಷ್ಟು ತಿನ್ನುತ್ತವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಈ ನಗರದ ಬಳಿಯೇ ದಡಕ್ಕೆ ಅಪ್ಪಳಿಸಿದಾಗ ಕಿಟಕಿ, ಛಾವಣಿಗಳು ಹಾರಿಹೋದವು. 2024ರ ಸೆಪ್ಟೆಂಬರ್ ಮೊದಲ ವಾರ ವಿಜಯವಾಡದಲ್ಲಿ ಬುಡಮೇರು ಉಕ್ಕಿ ಅಜಿತ್ ಸಿಂಗ್ ನಗರದಂಥ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಜನ ಮೊದಲು ಜೀವ, ಆಮೇಲೆ ಕಾಗದಪತ್ರ, ಒಡವೆ ನೋಡಿಕೊಳ್ಳುತ್ತಾರೆ. ಕೆಳಗಿನ ಕಪಾಟಿನಲ್ಲಿರುವ ಆಲ್ಬಮ್ಮಿನ ನೆನಪಾಗುವುದು ನೀರು ಇಳಿದ ಮೇಲೆ.

ಹಾಗೆ ನೆನೆದ ಫೋಟೊಗಳು ಸಿಕ್ಕರೆ ಅವಸರದಿಂದ ಬಿಸಿಲಿಗೆ ಹರಡಬಾರದು. ಒಂದಕ್ಕೊಂದು ಅಂಟಿದ್ದನ್ನು ಒಣಗಿದ ಮೇಲೆ ಕೀಳಲು ಹೋದರೆ ಚಿತ್ರದ ಪದರವೇ ಕಿತ್ತು ಬರುತ್ತದೆ. ತಣ್ಣಗಿನ ಶುದ್ಧ ನೀರಿನಲ್ಲಿ ಇಟ್ಟು, ಮೆಲ್ಲನೆ ಬಿಡಿಸಿ, ಕೆಸರು ತೊಳೆದು, ಚಿತ್ರದ ಮುಖ ಮೇಲೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಚಿತ್ರದ ಮೈಯನ್ನು ಬೆರಳಿನಿಂದ ಉಜ್ಜಬಾರದು. ಎರಡು ದಿನದೊಳಗೆ ಇಷ್ಟು ಮಾಡಲು ಪುರಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರ್‌ಗೆ ಹಾಕಿದರೆ ಬೂಷ್ಟು ಹಿಡಿಯುವುದು ನಿಲ್ಲುತ್ತದೆ. ಗಾಜಿನ ಚೌಕಟ್ಟಿಗೆ ಅಂಟಿಕೊಂಡ ಫೋಟೊವನ್ನು ಎಳೆಯದೆ ಗಾಜಿನ ಸಮೇತವೇ ನಕಲು ತೆಗೆದುಕೊಳ್ಳುವುದು ಲೇಸು.

ಸ್ಕ್ಯಾನ್ ಮಾಡುವ ಲೆಕ್ಕ

ಇಂದಿನ ಪೂರ್ಣ ಎಚ್‌ಡಿ ಪರದೆಯ ಅಳತೆ 1920×1080 ಚುಕ್ಕಿಗಳು. ಸಾಮಾನ್ಯ 4×6 ಅಂಗುಲದ ಫೋಟೊವನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 1800×1200 ಚುಕ್ಕಿ ಸಿಗುತ್ತದೆ. ಪರದೆಯ ಅಗಲಕ್ಕೂ ಸಾಲದು. 600 ಡಿಪಿಐ ಇಟ್ಟರೆ 3600×2400. ಆಗ ಒಂದು ಮುಖದ ಹತ್ತಿರ ಹೋದರೂ ಚಿತ್ರ ಮಸುಕಾಗುವುದಿಲ್ಲ. ಪಾಸ್‌ಪೋರ್ಟ್ ಅಳತೆಯ ಸಣ್ಣ ಚಿತ್ರಕ್ಕೆ 1200 ಡಿಪಿಐ ಬೇಕು. ಮೂಲ ಪ್ರತಿಯನ್ನು ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿಟ್ಟು, ಕೆಲಸಕ್ಕೆ ಅದರ ನಕಲನ್ನು ಬಳಸುವುದು ಒಳ್ಳೆಯ ಪದ್ಧತಿ.

ಸ್ಕ್ಯಾನರ್ ಇಲ್ಲದವರು ಮೊಬೈಲಿನಲ್ಲೇ ತೆಗೆಯಬಹುದು. ಫ್ಲ್ಯಾಶ್ ಬೇಡ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಫೋಟೊ ಇಟ್ಟು, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಬೇಕು. ಅಂಟು ಹಾಳೆಯ ಹಳೆಯ ಆಲ್ಬಮ್ಮುಗಳಿಂದ ಚಿತ್ರವನ್ನು ಕೀಳುವ ಸಾಹಸ ಬೇಡ. ಊರು ಬಿಟ್ಟವರಿಂದ ಫೋಟೊ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ‘ಡಾಕ್ಯುಮೆಂಟ್’ ಎಂದು ಲಗತ್ತಿಸಿ ಕಳಿಸಲು ಹೇಳಬೇಕು. ಮೂಲದ ಗುಣಮಟ್ಟ ಹಾಗೇ ಉಳಿಯುತ್ತದೆ.

ತಂತ್ರಾಂಶದೊಳಗೆ

ಬಹಳ ಜನರಿಗೆ ಪರಿಚಿತವಾಗಿದ್ದ ವಿಂಡೋಸ್ ಮೂವಿ ಮೇಕರ್ 2017ರಲ್ಲಿ ನಿಂತುಹೋಯಿತು. ದುಡ್ಡು ಕೊಡದೆ ಬಳಸಬಹುದಾದ ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇವೆ. ಯಾವುದನ್ನು ಹಿಡಿದರೂ ಕೆಳಗಿನ ಮಾತುಗಳು ಅನ್ವಯಿಸುತ್ತವೆ.

ಮೊದಲನೆಯದು, ಎಲ್ಲ ಫೋಟೊ, ಹಾಡು, ಧ್ವನಿಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಆಮೇಲೆ ಕೆಲಸ ಆರಂಭಿಸಬೇಕು. ತಂತ್ರಾಂಶ ಸಾಮಾನ್ಯವಾಗಿ ಫೋಟೊಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಪೆನ್‌ಡ್ರೈವ್‌ನಿಂದ ನೇರವಾಗಿ ಎಳೆದುಕೊಂಡು, ಮರುದಿನ ಪೆನ್‌ಡ್ರೈವ್ ವಾಪಸು ಕೊಟ್ಟರೆ ಎಲ್ಲ ಚಿತ್ರಗಳೂ ಮಾಯ.

ಎರಡನೆಯದು, 001, 002 ಎಂದು ಸಾಲಾಗಿ ಹೆಸರಿಟ್ಟ ಫೋಟೊಗಳನ್ನು ಕೆಲವು ತಂತ್ರಾಂಶಗಳು ಒಂದೇ ಚಲನಚಿತ್ರದ ತುಣುಕೆಂದು ಭಾವಿಸುತ್ತವೆ. ಸೆಕೆಂಡಿಗೆ 25 ಚೌಕಟ್ಟಿನಂತೆ ಐವತ್ತು ಫೋಟೊ ಎರಡೇ ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ‘ಇಮೇಜ್ ಸೀಕ್ವೆನ್ಸ್’ ಎಂಬ ಆಯ್ಕೆಯನ್ನು ತೆಗೆದು ಹಾಕಿದರೆ ಅಥವಾ ಹೆಸರಿನ ಕೊನೆಗೆ ಅಂಕಿಯ ಬದಲು ಮಾತು ಬರುವಂತೆ ಮಾಡಿದರೆ ಸರಿಹೋಗುತ್ತದೆ.

ಮೂರನೆಯದು ಆಕಾರ. ಹಳೆಯ ಫೋಟೊ 3:2 ಪ್ರಮಾಣದ್ದು, ಪರದೆ 16:9. ಫೋಟೊವನ್ನು ಪರದೆಯ ಅಗಲ ತುಂಬುವಂತೆ ಹಿಗ್ಗಿಸಿದರೆ ಎತ್ತರ 1280 ಆಗುತ್ತದೆ. ಪರದೆಯಲ್ಲಿ 1080ಕ್ಕಷ್ಟೇ ಜಾಗ. ಉಳಿದ 200 ಸಾಲುಗಳು ಮೇಲೆ ಕೆಳಗೆ ಕತ್ತರಿಸಿ ಹೋಗುತ್ತವೆ. ಗುಂಪು ಚಿತ್ರದಲ್ಲಿ ಹಿಂದಿನ ಸಾಲಿನವರು ಕಾಣೆಯಾಗುವುದು ಹೀಗೆ. ಅಂಥ ಚಿತ್ರವನ್ನು ಎತ್ತರಕ್ಕೆ ಹೊಂದಿಸಿ, ಎರಡೂ ಪಕ್ಕ ಉಳಿಯುವ ಜಾಗಕ್ಕೆ ಅದೇ ಚಿತ್ರದ ಮಸುಕು ನಕಲನ್ನೋ ತಿಳಿ ಬಣ್ಣವನ್ನೋ ಹಿನ್ನೆಲೆಯಾಗಿ ಇಡಬಹುದು. ಫೋಟೊವನ್ನು ಎಳೆದು ಅಗಲ ಮಾಡುವುದು ಮಾತ್ರ ಸಲ್ಲದು. ಎಲ್ಲರೂ ದಪ್ಪಗೆ ಕಾಣುತ್ತಾರೆ.

ಎಷ್ಟು ಹೊತ್ತು, ಎಷ್ಟು ಚಲನೆ

ನಿಂತ ಚಿತ್ರಕ್ಕೆ ಚಲನೆ ಕೊಡುವ ಕಲೆ ಹೊಸದಲ್ಲ. 1957ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ಅವರು ಚಿನ್ನ ಹುಡುಕಿ ಹೋದವರ ಡಾಸನ್ ಪಟ್ಟಣದ ಹಳೆಯ ಫೋಟೊಗಳ ಮೇಲೆ ಕ್ಯಾಮೆರಾ ಸರಿಸಿ ‘ಸಿಟಿ ಆಫ್ ಗೋಲ್ಡ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅಮೆರಿಕದ ಕೆನ್ ಬರ್ನ್ಸ್ 1990ರ ‘ದಿ ಸಿವಿಲ್ ವಾರ್’ ಸರಣಿಯಲ್ಲಿ ಇದೇ ವಿಧಾನವನ್ನು ಬಳಸಿ ಹೆಸರಾದರು. ಕೆಲವು ತಂತ್ರಾಂಶಗಳಲ್ಲಿ ಇಂದಿಗೂ ಇದು ಅವರ ಹೆಸರಿನಲ್ಲೇ ಇದೆ. ಆ ಚಿತ್ರಗಳಲ್ಲಿ ಕ್ಯಾಮೆರಾ ಸುಮ್ಮನೆ ಅಲೆಯುವುದಿಲ್ಲ. ಜನಸಂದಣಿಯಿಂದ ಒಂದು ಮುಖಕ್ಕೆ ಹೋಗುತ್ತದೆ, ಇಲ್ಲವೇ ಒಂದು ಮುಖದಿಂದ ಆರಂಭಿಸಿ ಅವರು ನಿಂತಿರುವ ಜಾಗವನ್ನು ತೋರಿಸುತ್ತದೆ. ಪ್ರತಿ ಸರಿದಾಟಕ್ಕೂ ಕಾರಣ ಇರುತ್ತದೆ.

ಸಂಘದ ವಿಡಿಯೊಗೂ ಇದೇ ನಿಯಮ. ಒಬ್ಬರೇ ಇರುವ ಚಿತ್ರಕ್ಕೆ ಐದಾರು ಸೆಕೆಂಡು ಸಾಕು. ನೂರರಿಂದ ನೂರೆಂಟು ಪ್ರತಿಶತದವರೆಗೆ ನಿಧಾನವಾಗಿ ಹತ್ತಿರ ಹೋದರೆ ಹೆಚ್ಚು. ಮೂವತ್ತು ಜನರ ಗುಂಪು ಚಿತ್ರಕ್ಕೆ ಹತ್ತರಿಂದ ಹದಿನೈದು ಸೆಕೆಂಡು ಬೇಕು. ಮೊದಲು ಇಡೀ ಚಿತ್ರ ತೋರಿಸಿ, ಆಮೇಲೆ ಎಡದಿಂದ ಬಲಕ್ಕೆ ಸಾಗಿ, ಎರಡೂ ತುದಿಯಲ್ಲಿ ಒಂದೆರಡು ಸೆಕೆಂಡು ನಿಲ್ಲಬೇಕು. ಕೆಲವು ಚಿತ್ರಗಳು ಅಲ್ಲಾಡದೆ ಸುಮ್ಮನೆ ನಿಂತರೂ ಚೆನ್ನ. ಜರಿ ಸೀರೆಯ ಅಂಚು, ಕಿಟಕಿಯ ಸರಳುಗಳಂಥ ಸೂಕ್ಷ್ಮ ಗೆರೆಗಳು ಚಲಿಸುವಾಗ ಮಿಣಮಿಣ ಎನ್ನುತ್ತಿದ್ದರೆ ಚೂರು ಮಸುಕು ಹಾಕಿದರೆ ಶಾಂತವಾಗುತ್ತದೆ. ಪುಟ ತಿರುಗುವುದು, ಹೃದಯದ ಆಕಾರ, ನಕ್ಷತ್ರ ಸಿಡಿಯುವುದು ಇವೆಲ್ಲ ಮದುವೆ ಕ್ಯಾಸೆಟ್ಟಿನ ಕಾಲಕ್ಕೆ ಮುಗಿಯಿತು. ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಸಾದಾ ಬದಲಾವಣೆಯೇ ಕಣ್ಣಿಗೆ ಹಿತ.

ಫೋಟೊ ಎಷ್ಟು ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ನಾಲ್ಕು ನಿಮಿಷದ ಹಾಡೆಂದರೆ 240 ಸೆಕೆಂಡು. ಪ್ರತಿ ಚಿತ್ರಕ್ಕೆ 6 ಸೆಕೆಂಡು, ಅದರಲ್ಲಿ ಮುಂದಿನ ಚಿತ್ರದ ಜೊತೆ ಕರಗುವ 1 ಸೆಕೆಂಡು ಸೇರಿದ್ದರೆ ಮೊದಲನೆಯದಕ್ಕೆ 6, ನಂತರದ ಪ್ರತಿಯೊಂದಕ್ಕೂ 5 ಸೆಕೆಂಡು ಖರ್ಚು. 47 ಚಿತ್ರಕ್ಕೆ 236 ಸೆಕೆಂಡು ಆಗುತ್ತದೆ. ಇನ್ನೂರು ಫೋಟೊ ತುರುಕಲು ಹೋದರೆ ಯಾರ ಮುಖವೂ ಯಾರಿಗೂ ಕಾಣದು. ಆಯ್ಕೆ ಮಾಡುವಾಗ ಪದಾಧಿಕಾರಿಗಳು ಸನ್ಮಾನದ ಚಿತ್ರಗಳನ್ನು ಕಡಿಮೆ ಮಾಡಿ, ಅಡುಗೆಗೆ ನಿಂತವರು, ಚಪ್ಪರ ಕಟ್ಟಿದವರ ಚಿತ್ರಗಳನ್ನು ಸೇರಿಸಿದರೆ ಒಳ್ಳೆಯದು.

ಹಿನ್ನೆಲೆಯೇ ಹೇಳುವ ವರ್ಷ

ಹಿಂಬದಿಯಲ್ಲಿ ತಾರೀಕು ಬರೆಯದ ಚಿತ್ರಗಳೇ ಹೆಚ್ಚು. ಆಗ ಹಿನ್ನೆಲೆಯನ್ನು ನೋಡಬೇಕು. ರಾಮಕೃಷ್ಣ ಬೀಚಿನಲ್ಲಿ ತೆಗೆಸಿದ ಚಿತ್ರದಲ್ಲಿ ಕುರುಸುರ ಜಲಾಂತರ್ಗಾಮಿ ಕಂಡರೆ ಅದು 2002ಕ್ಕಿಂತ ಹಳೆಯದಲ್ಲ. ಆ ವರ್ಷವೇ ಅದು ಅಲ್ಲಿ ವಸ್ತುಸಂಗ್ರಹಾಲಯವಾದದ್ದು. ಎದುರಿನ ಟಿಯು-142 ವಿಮಾನವೂ ಇದ್ದರೆ 2017 ಅಥವಾ ಆಮೇಲಿನದು. ‘ವಿಕ್ಟರಿ ಅಟ್ ಸೀ’ ಯುದ್ಧ ಸ್ಮಾರಕ 1996ರದು. ವಿಜಯವಾಡದ ಚಿತ್ರದಲ್ಲಿ ಪ್ರಕಾಶಂ ಬ್ಯಾರೇಜ್ ಇದ್ದರೆ 1957ರ ನಂತರದ್ದು. ಬಣ್ಣವೂ ಸುಳಿವು ಕೊಡುತ್ತದೆ. 1970–80ರ ದಶಕದ ಬಣ್ಣದ ಫೋಟೊಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಇಡೀ ಚಿತ್ರ ಕೆಂಪಗಾಗಿರುತ್ತದೆ. ಇದನ್ನು ತಂತ್ರಾಂಶದಲ್ಲಿ ತಕ್ಕಮಟ್ಟಿಗೆ ಸರಿಪಡಿಸಬಹುದು.

ಸಂಘದ ಕಥೆಗೆ ಊರಿನ ಕಥೆಯೂ ಚೌಕಟ್ಟಾಗುತ್ತದೆ. 1933ರ ಅಕ್ಟೋಬರ್‌ನಲ್ಲಿ ‘ಜಲದುರ್ಗ’ ಹಡಗು ಇಲ್ಲಿಗೆ ಬಂತು. ಡಿಸೆಂಬರ್‌ನಲ್ಲಿ ಲಾರ್ಡ್ ವಿಲ್ಲಿಂಗ್ಡನ್ ಬಂದರನ್ನು ಉದ್ಘಾಟಿಸಿದರು. 1948ರ ಮಾರ್ಚ್ 14ರಂದು ನೆಹರೂ ಅವರು ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದರು. ಇಂಥ ಇಸವಿಗಳನ್ನು ನಡುವೆ ಒಂದೊಂದು ಸಾಲಾಗಿ ಕೊಟ್ಟರೆ, ಸದಸ್ಯರು ಈ ಊರಿಗೆ ಬಂದ ವರ್ಷಗಳು ನೋಡುವವರ ಮನಸ್ಸಿನಲ್ಲಿ ಕೂರುತ್ತವೆ. ಆದರೆ ನೌಕಾನೆಲೆಯ ನಿಷೇಧಿತ ಪ್ರದೇಶದ ಚಿತ್ರಗಳನ್ನು ಬಳಸಬಾರದು.

ಅಕ್ಷರ ಮತ್ತು ಮುಖ

ಹಳೆಯ ನುಡಿ, ಬರಹ ಕಡತಗಳ ಅಕ್ಷರಗಳನ್ನು ನೇರವಾಗಿ ಅಂಟಿಸಿದರೆ ತಂತ್ರಾಂಶ ಓದದು. ಯೂನಿಕೋಡ್‌ಗೆ ಬದಲಾಯಿಸಿ, ನೋಟೊ ಸ್ಯಾನ್ಸ್ ಕನ್ನಡದಂಥ ಅಕ್ಷರಶೈಲಿ ಬಳಸಬೇಕು. ಆಗಲೂ ಒತ್ತಕ್ಷರ ಒಡೆದರೆ, ಹೆಸರನ್ನು ಬೇರೆ ತಂತ್ರಾಂಶದಲ್ಲಿ ಟೈಪ್ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸುವುದು ಸುಲಭದ ದಾರಿ. ಪ್ರದರ್ಶನಕ್ಕೆ ಮೊದಲು ಸಭಾಂಗಣದ ಕಡೆಯ ಸಾಲಿನಲ್ಲಿ ಕುಳಿತು ಹೆಸರು ಓದಲು ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ಹಚ್ಚುತ್ತವೆ, ಮಸುಕಾದ ಮುಖವನ್ನು ಸ್ಪಷ್ಟಗೊಳಿಸುತ್ತವೆ, ಕಣ್ಣು ಮಿಟುಕಿಸುವಂತೆಯೂ ಮಾಡುತ್ತವೆ. ಇಲ್ಲಿ ಎಚ್ಚರ ಬೇಕು. ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಸಾಧನ ತಾನೇ ಊಹಿಸಿ ತುಂಬುತ್ತದೆ. ಬರುವ ಮುಖ ಅಂದವಾಗಿರಬಹುದು, ಆದರೆ ಅದು ಮನೆಯವರಿಗೆ ಗೊತ್ತಿರುವ ಅಪ್ಪನದಾಗಲಿ ಅಜ್ಜಿಯದಾಗಲಿ ಆಗಿರುವುದಿಲ್ಲ. ತೀರಿಹೋದವರ ಚಿತ್ರಕ್ಕೆ ಹೀಗೆ ಮಾಡುವ ಮುನ್ನ ಕುಟುಂಬದವರನ್ನು ಕೇಳುವುದು ಧರ್ಮ. ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕುವುದಾದರೆ ಮಕ್ಕಳ ಚಿತ್ರಗಳಿಗೂ ಒಪ್ಪಿಗೆ ಬೇಕು. ಸಿನಿಮಾ ಹಾಡು ಬಳಸಿದ್ದರೆ ಹಕ್ಕುಸ್ವಾಮ್ಯದ ತಕರಾರು ಬರುವ ಸಂಭವವೂ ಇದೆ. ಸಂಘದ ಮಕ್ಕಳೇ ಹಾಡಿದ, ನುಡಿಸಿದ ಸಂಗೀತ ಎಲ್ಲಕ್ಕಿಂತ ಕ್ಷೇಮ.

ಹೆಸರು ಉಳಿಯಲಿ

ಎಲ್ಲಕ್ಕಿಂತ ತುರ್ತಿನ ಕೆಲಸಕ್ಕೆ ತಂತ್ರಾಂಶ ಬೇಕಿಲ್ಲ. ಸಂಘದ ಹಿರಿಯರ ಮನೆಗೆ ಹೋಗಿ, ಗುಂಪು ಚಿತ್ರ ಮುಂದಿಟ್ಟು, ‘ಎಡದಿಂದ ಎರಡನೆಯವರು ಯಾರು, ಯಾವ ಊರಿನವರು’ ಎಂದು ಕೇಳಿ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಂಡರೆ ಅದನ್ನೇ ಚಿತ್ರದ ಮೇಲೆ ಕೇಳಿಸಬಹುದು. ಆ ಹೊತ್ತು ಹಿನ್ನೆಲೆ ಸಂಗೀತವನ್ನು ತೀರಾ ತಗ್ಗಿಸಬೇಕು. ಎಂಬತ್ತು ದಾಟಿದವರ ದನಿಯಲ್ಲಿ ಬರುವ ಎರಡು ಮಾತಿನ ಮುಂದೆ ಯಾವ ಗ್ರಾಫಿಕ್ಸೂ ನಿಲ್ಲದು. ಸಿಂಹಾಚಲಕ್ಕೆ ಕೃಷ್ಣದೇವರಾಯ ಬಂದದ್ದು 1516ರ ಶಾಸನದಿಂದ ಇಂದಿಗೂ ತಿಳಿಯುತ್ತದೆ. ಐವತ್ತು ವರ್ಷದ ಹಿಂದೆ ಇದೇ ಊರಿಗೆ ಬಂದು ಸಂಘ ಕಟ್ಟಿದವರ ಹೆಸರು ಕೇಳಿದರೆ ಹೇಳುವವರು ಒಬ್ಬಿಬ್ಬರು ಉಳಿದಿರುತ್ತಾರೆ.

ಕೆಲಸ ಮುಗಿದ ಮೇಲೆ ಎಂಪಿ4 ಕಡತ, ಮೂಲ ಸ್ಕ್ಯಾನ್‌ಗಳು, ಹೆಸರಿನ ಪಟ್ಟಿ ಈ ಮೂರನ್ನೂ ಮೂರು ಪ್ರತಿ ಮಾಡಬೇಕು. ಒಂದು ಸಂಘದ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಸದಸ್ಯರ ಬಳಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ. ಕಡಲ ತೀರದ ಮನೆಯ ಪ್ರತಿ ಗಾಳಿಗೆ ಹೋದರೂ ಹುಬ್ಬಳ್ಳಿಯದೋ ಮಂಗಳೂರಿನದೋ ಉಳಿದಿರುತ್ತದೆ. ರಾಜ್ಯೋತ್ಸವಕ್ಕೆ ವಿಡಿಯೊ ಮಾಡಲು ಹೊರಟ ಸಂಘಗಳು ಫೋಟೊ ಸಂಗ್ರಹದ ಜೊತೆಗೇ ಹಿರಿಯರ ಮನೆಗೆ ಹೋಗುವ ದಿನವನ್ನೂ ಗೊತ್ತು ಮಾಡಿಕೊಳ್ಳುವುದು ಸೂಕ್ತ.